ಮನೆಯ ವೈದ್ಯರೂ ದೇಶದ ಆರೋಗ್ಯ ಯೋಜನೆಗಳೂ

ಸರ್ಕಾರವು ಪ್ರಜೆಗಳ ಆರೋಗ್ಯಕ್ಕಾಗಿ ಹೊಸದೊಂದು ಯೋಜನೆಯನ್ನು ಕೈಗೊಂಡಿತೆಂದು ಕೇಳಿದೊಡನೆ ನಮ್ಮ ಮನಸ್ಸು ದೊಡ್ಡ ಕಟ್ಟಡಗಳ ಕಡೆಗೂ, ಹಾಸಿಗೆಗಳ ಸಂಖ್ಯೆಯ ಕಡೆಗೂ, ಕೋಟಿಗಟ್ಟಲೆ ಹಣದ ಲೆಕ್ಕದ ಕಡೆಗೂ ಹರಿಯುವುದು ಸಹಜ. ಆದರೆ ಮಗುವಿಗೆ ಜ್ವರವೇರಿದ ರಾತ್ರಿ, ಅಥವಾ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡ ಬೆಳಗ್ಗೆ, ನಾವು ಮೊದಲು ನೆನೆಯುವುದು ಯೋಜನೆಯನ್ನಲ್ಲ. ನಮ್ಮನ್ನು ಬಲ್ಲ ವೈದ್ಯರೊಬ್ಬರನ್ನು. ಅವರನ್ನು ನಾವು 'ಮನೆಯ ಡಾಕ್ಟರು' ಎಂದು ಕರೆಯುವ ರೂಢಿಯುಂಟು. ದೇಶದ ಆರೋಗ್ಯ ಯೋಜನೆಗಳು ಈ ಮನೆಯ ಡಾಕ್ಟರ ಕೆಲಸವನ್ನು ಯಾವ ರೀತಿಯಲ್ಲಿ ಮಾರ್ಪಡಿಸಿವೆ, ಆ ಮಾರ್ಪಾಟಿನಿಂದ ನಮಗೆ ದೊರೆತುದೇನು, ಕೈತಪ್ಪಿ ಹೋಗುತ್ತಿರುವುದೇನು ಎಂಬುದೇ ಈ ದಿನ ನಾವು ವಿಚಾರಮಾಡಬೇಕೆಂದಿರುವ ವಿಷಯ. ಇದು ದೇಶಕ್ಕೆಲ್ಲ ಸಂಬಂಧಪಟ್ಟುದಾದರೂ, ದೃಷ್ಟಾಂತಗಳನ್ನು ಮೈಸೂರಿಗೆ ಸಮೀಪದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸುತ್ತಮುತ್ತಲಿಂದಲೇ ಹೆಚ್ಚಾಗಿ ಆರಿಸಿಕೊಳ್ಳುತ್ತೇವೆ.

ನಂಜನಗೂಡಿಗೂ ವೈದ್ಯಕ್ಕೂ ಇರುವ ನಂಟು ಹಳೆಯದು. ಅಲ್ಲಿಯ ಶ್ರೀಕಂಠೇಶ್ವರನನ್ನು ಜನರು ರೋಗಗಳನ್ನು ಕಳೆಯುವ ದೇವರೆಂದು ನಂಬಿ ಬಂದಿದ್ದಾರೆ. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದುದಕ್ಕಾಗಿ ಟಿಪ್ಪು ಸುಲ್ತಾನನು ಈ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಐತಿಹ್ಯವೂ ಉಂಟು. ಕಪಿಲೆಯಲ್ಲಿ ಮಿಂದು, ಉರುಳುಸೇವೆ ಮಾಡಿ, ಮೈಬೇನೆ ಗುಣವಾಗಲೆಂದು ಹರಸಿಕೊಂಡವರು ತಲೆತಲಾಂತರದ ಜನ. ಅದೇ ಊರಿನಲ್ಲಿ 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. 'ನಂಜನಗೂಡು ಹಲ್ಲುಪುಡಿ'ಯೆಂಬ ಹೆಸರಿನಲ್ಲಿ ಅಲ್ಲಿಯ ತಯಾರಿಕೆಯು ಕನ್ನಡನಾಡಿನ ಮನೆಮನೆಯನ್ನೂ ಹೊಕ್ಕಿತು. ದೇವರು ಒಂದು ಕಡೆ, ಪಂಡಿತರು ಒಂದು ಕಡೆ. ಇವರ ನಡುವೆ ಪೇಟೆಬೀದಿಯಲ್ಲಿ ಒಂದು ಕೊಠಡಿಯ ಷಾಪನ್ನು ಇಟ್ಟುಕೊಂಡು, ಒಬ್ಬ ಕಾಂಪೌಂಡರನ್ನು ಜೊತೆಗಿರಿಸಿಕೊಂಡು ಚಿಕಿತ್ಸೆಮಾಡುತ್ತಿದ್ದ ಇಂಗ್ಲಿಷ್ ವೈದ್ಯದ ಡಾಕ್ಟರು ಮತ್ತೊಂದು ಕಡೆ. ಇಂತಹ ಡಾಕ್ಟರುಗಳು ನಮ್ಮ ಸಣ್ಣ ಪಟ್ಟಣಗಳಲ್ಲೆಲ್ಲ ಇದ್ದರು. ರೋಗಿಯೇ ಸೀಸೆಯನ್ನು ತರಬೇಕು. ಕಾಂಪೌಂಡರು ಅದಕ್ಕೆ ಮಿಕ್ಸ್ಚರು ತುಂಬಿ, ಹೊತ್ತುಹೊತ್ತಿನ ಪ್ರಮಾಣವನ್ನು ತೋರಿಸಲು ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಬೆನ್ನಿಗೆ ಅಂಟಿಸಿಕೊಡುತ್ತಿದ್ದನು.

ಈ ಡಾಕ್ಟರ ಕೆಲಸವು ಹೊರನೋಟಕ್ಕೆ ಔಷಧ ಕೊಡುವುದೊಂದೇ ಆಗಿ ತೋರಿದರೂ ಅದರಲ್ಲಿ ಮೂರು ಅಂಗಗಳಿದ್ದುವು. ಕಾಯಿಲೆ ಯಾವುದೇ ಆಗಲಿ, ಮೊದಲು ಬಂದು ಕಾಣುವುದು ಅವರನ್ನೇ, ಇದು ಒಂದು. ಇಂದು ಬಂದವನನ್ನು ಹತ್ತು ವರ್ಷದಿಂದ ಬಲ್ಲವರು ಅವರು, ಇದು ಎರಡನೆಯದು. ತಮ್ಮ ಶಕ್ತಿಗೆ ಮೀರಿದ ಕಾಯಿಲೆಯಾದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಚೀಟಿಕೊಟ್ಟು ಕಳುಹಿಸಿ, ಅಲ್ಲಿಂದ ಹಿಂದಿರುಗಿದವನನ್ನು ಮತ್ತೆ ತಮ್ಮ ವಶಕ್ಕೆ ತೆಗೆದುಕೊಂಡು ಪಥ್ಯಪಾನಗಳನ್ನು ನೋಡಿಕೊಳ್ಳುವವರೂ ಅವರೇ, ಇದು ಮೂರನೆಯದು. ಮೊದಲ ಭೇಟಿ, ಬಹುಕಾಲದ ಪರಿಚಯ, ಹೋದವನನ್ನು ಹಿಂದಕ್ಕೆ ಪಡೆದುಕೊಳ್ಳುವ ಹೊಣೆ ಎಂದು ಇವನ್ನು ಹೆಸರಿಸೋಣ. ಮುಂದೆ ಹೇಳುವುದನ್ನೆಲ್ಲ ಶ್ರೋತೃಗಳು ಈ ಮೂರು ಅಳತೆಗಳಿಂದ ಅಳೆದುನೋಡಬಹುದು.

ಪರಿಚಯವೆಂಬುದು ಕೇವಲ ಸ್ನೇಹದ ಮಾತಲ್ಲ, ಚಿಕಿತ್ಸೆಯ ಸಾಧನವೇ ಹೌದೆಂಬುದಕ್ಕೆ ನಮ್ಮ ಸೀಮೆಯ ಒಂದು ಉದಾಹರಣೆ ಸಾಕು. ತಲೆಯ ಮೇಲೆ ಬಿಸಿನೀರನ್ನು ಹುಯ್ದುಕೊಂಡಾಗ ಬರುವ ಒಂದು ಬಗೆಯ ಅಪಸ್ಮಾರವು ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ಬಹುವಾಗಿ ಅಭ್ಯಾಸಮಾಡಿದ್ದಾರೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬು ಚೊಂಬಾಗಿ ಬೇಗಬೇಗನೆ ನೆತ್ತಿಗೆ ಸುರಿದುಕೊಳ್ಳುವ ಅಭ್ಯಂಜನದ ರೂಢಿಯನ್ನು ಬಲ್ಲ ವೈದ್ಯರಾದರೆ, ಮೂರ್ಛೆ ಬಂದುದು ಎಲ್ಲಿ, ಯಾವಾಗ ಎಂಬ ಒಂದೇ ಪ್ರಶ್ನೆಯಿಂದ ರೋಗದ ಎಳೆಯನ್ನು ಹಿಡಿದಾರು. ಸ್ನಾನದ ನೀರಿನ ಬಿಸಿಯನ್ನು ತಗ್ಗಿಸುವುದೇ ಇದರ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ. ಮನೆಯ ಬಚ್ಚಲನ್ನು ಅರಿಯದ ವೈದ್ಯರಿಗೆ ಈ ಪ್ರಶ್ನೆ ಹೊಳೆಯುವುದು ತಡವಾಗಬಹುದು.

ಆದರೆ ಈ ಮನೆಯ ಡಾಕ್ಟರ ಪದ್ಧತಿಯನ್ನು ಬಂಗಾರದ ಕಾಲವೆಂದು ವರ್ಣಿಸುವುದು ಸತ್ಯಕ್ಕೆ ದೂರ. ಅವರು ಇದ್ದುದು ಪೇಟೆಯಲ್ಲಿ. ಹುಲ್ಲಹಳ್ಳಿ, ಮೂಗೂರುಗಳ ಕಡೆಯ ಬಡ ರೈತನಿಗೆ ಗಾಡಿ ಕಟ್ಟಿಸಿಕೊಂಡು ಬರುವ ಅನುಕೂಲವಿದ್ದರೆ ಮಾತ್ರ ಅವರ ದರ್ಶನ. ಹಣವಿಲ್ಲದವನಿಗೆ ಅವರ ದಯೆಯೇ ಗತಿ. ಮೇಲಾಗಿ, ಬಂದ ರೋಗವನ್ನು ಅವರು ವಾಸಿಮಾಡುತ್ತಿದ್ದರೇ ವಿನಾ, ರೋಗ ಬಾರದಂತೆ ಊರಿನ ನೀರನ್ನೂ ಚರಂಡಿಯನ್ನೂ ನೋಡಿಕೊಳ್ಳುವುದು ಅವರ ಕೆಲಸವಾಗಿರಲಿಲ್ಲ. ಪ್ಲೇಗು, ಕಾಲರಾ, ಮಲೇರಿಯಾಗಳು ಒಬ್ಬೊಬ್ಬ ರೋಗಿಗೆ ಒಂದೊಂದು ಸೀಸೆ ಔಷಧ ಕೊಡುವುದರಿಂದ ನಿಲ್ಲುವಂಥವಲ್ಲ. ಈ ಕೊರತೆಯನ್ನು ತುಂಬಲೆಂದೇ ಸುಧಾರಣೆಗಳು ಬಂದುವು. ಅವು ಬರಬೇಕಾದುದೂ ನ್ಯಾಯವೇ ಆಗಿತ್ತು.

ಈ ದಾರಿಯಲ್ಲಿ ಮೈಸೂರು ಸಂಸ್ಥಾನವು ದೇಶಕ್ಕಿಂತ ಮುಂದೆ ಹೆಜ್ಜೆಯಿಟ್ಟಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. 1929ರ ಸುಮಾರಿಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದನ್ನು ಸ್ಥಾಪಿಸಿದರು. ಆಗ ಮಂಡ್ಯವು ಮೈಸೂರು ಜಿಲ್ಲೆಗೇ ಸೇರಿದ್ದಿತು. ಇಂತಹ ಘಟಕದ ವೈದ್ಯಾಧಿಕಾರಿಯ ಕೆಲಸವು ಷಾಪಿನ ಡಾಕ್ಟರ ಕೆಲಸದಂತಲ್ಲ. ತನ್ನ ಬಳಿಗೆ ಬಂದವನು ಮಾತ್ರವಲ್ಲ, ಬಾರದವನೂ ಅವನ ಹೊಣೆ. ಜನನ ಮರಣಗಳ ದಾಖಲೆ, ದೇವಿ ಹಾಕುವುದು, ಬಾಣಂತಿಯರ ಆರೈಕೆ, ಸೊಳ್ಳೆಯ ನಿವಾರಣೆ ಇವೆಲ್ಲ ವೈದ್ಯದ ಭಾಗಗಳೇ ಎಂಬ ಭಾವನೆಯು ಇಂತಹ ಘಟಕಗಳಿಂದ ನಮ್ಮಲ್ಲಿ ಬೇರೂರಿತು.

ಇದೇ ಭಾವನೆಯನ್ನು ದೇಶಕ್ಕೆಲ್ಲ ಅನ್ವಯಿಸಿದುದು ಸರ್ ಜೋಸೆಫ್ ಭೋರರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಸಮಿತಿ. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬುದು ಅದರ ಮೂಲತತ್ತ್ವ. ಮೊದಲ ಘಟ್ಟದಲ್ಲಿ 40,000 ಜನರಿಗೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕೆ ಇಬ್ಬರು ವೈದ್ಯರು, ಅವರ ಕೈಕೆಳಗೆ ದಾದಿಯರು, ಸೂಲಗಿತ್ತಿಯರು, ನೈರ್ಮಲ್ಯಾಧಿಕಾರಿಗಳು ಎಂದು ಸಮಿತಿಯು ಸೂಚಿಸಿತು. ಆ ವೈದ್ಯರು ಸಂಬಳದ ಮೇಲೆ ಪೂರ್ಣಕಾಲ ದುಡಿಯಬೇಕು, ಖಾಸಗಿ ವೃತ್ತಿಯನ್ನು ನಡೆಸಕೂಡದು, ರೋಗಿಯ ದೇಹವನ್ನಷ್ಟೇ ಅಲ್ಲದೆ ಅವನ ಮನೆಯನ್ನೂ ಊರನ್ನೂ ನೋಡಬಲ್ಲ 'ಸಮಾಜವೈದ್ಯ'ರಾಗಬೇಕು ಎಂಬುದು ಅದರ ಆಶಯವಾಗಿದ್ದಿತು. ಅದೇ ಸಮಿತಿಯು ಮತ್ತೊಂದು ಸಲಹೆಯನ್ನೂ ಮಾಡಿತು: ದೇಶದಲ್ಲಿ ಮುಂದೆ ಒಂದೇ ದರ್ಜೆಯ ವೈದ್ಯರು, ಅಂದರೆ ಪದವೀಧರರು ಮಾತ್ರ ಸಿದ್ಧರಾಗಬೇಕು, ಲೈಸೆನ್ಷಿಯೇಟರ ತರಬೇತಿಯನ್ನು ನಿಲ್ಲಿಸಬೇಕು. ಆಗ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ 30,000ದಷ್ಟು ಮಂದಿ ಲೈಸೆನ್ಷಿಯೇಟರೇ; ಸಣ್ಣ ಪಟ್ಟಣಗಳ ಮನೆಯ ಡಾಕ್ಟರುಗಳಲ್ಲಿ ಇವರು ಬಹುಮಂದಿ. ವಿದ್ಯೆಯ ಮಟ್ಟವನ್ನು ಏರಿಸಬೇಕೆಂಬ ಉದ್ದೇಶವು ಒಳ್ಳೆಯದೇ. ಆದರೆ ಪದವೀಧರನ ಕಣ್ಣು ಪಟ್ಟಣದ ಮೇಲೂ, ಆಮೇಲೆ ತಜ್ಞನ ಪಟ್ಟದ ಮೇಲೂ ನೆಟ್ಟುದರಿಂದ ಪೇಟೆಬೀದಿಯ ಆ ಜಾಗವನ್ನು ತುಂಬುವವರು ವಿರಳವಾದರು.

ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದುವು. ಕಾಲಕ್ರಮದಲ್ಲಿ ಬಯಲುಸೀಮೆಯಲ್ಲಿ 30,000 ಜನರಿಗೊಂದು ಕೇಂದ್ರ, 5,000 ಜನರಿಗೊಂದು ಉಪಕೇಂದ್ರ ಎಂಬ ಲೆಕ್ಕವು ನೆಲೆಗೊಂಡಿತು. ಆದರೆ ಇದೇ ಕಾಲದಲ್ಲಿ ಒಂದೊಂದು ರೋಗಕ್ಕೆ ಒಂದೊಂದು ಕಾರ್ಯಕ್ರಮವೂ ಬಂದಿತು: 1953ರಲ್ಲಿ ಮಲೇರಿಯಾ ನಿಯಂತ್ರಣ, 1962ರಲ್ಲಿ ಕ್ಷಯ, ಇವುಗಳೊಡನೆ ಸಿಡುಬು, ಕುಷ್ಠ, ಕುಟುಂಬ ಯೋಜನೆ. ಒಂದೊಂದಕ್ಕೂ ಬೇರೆ ಸಿಬ್ಬಂದಿ, ಬೇರೆ ರಿಜಿಸ್ಟರು. ಸಿಡುಬು ನಾಡಿನಿಂದಲೇ ತೊಲಗಿತೆಂಬುದು ಸಾಮಾನ್ಯವಾದ ಸಾಧನೆಯಲ್ಲ. ಹೀಗಿದ್ದರೂ ಒಂದೇ ಮನೆಯ ಬಾಗಿಲಿಗೆ ಮಲೇರಿಯಾದವರು ಬೇರೆ, ಕ್ಷಯದವರು ಬೇರೆ, ಕುಟುಂಬ ಯೋಜನೆಯವರು ಬೇರೆ ಎಂದು ಬಂದುಹೋಗುವಂತಾಯಿತು. ಆ ಮನೆಯನ್ನು ಮನೆಯೆಂದೇ ನೋಡುವವರು ಯಾರೂ ಇಲ್ಲದಾಯಿತು. ಈ ದೋಷವನ್ನು ಕಂಡ ಕರ್ತಾರ್ ಸಿಂಗ್ ಸಮಿತಿಯು 1973ರಲ್ಲಿ ಎಲ್ಲ ಕೆಲಸಗಳಿಗೂ ಸೇರಿ ಒಬ್ಬನೇ ವಿವಿಧೋದ್ದೇಶ ಕಾರ್ಯಕರ್ತನಿರಬೇಕೆಂದು ಸಲಹೆಮಾಡಿತು.

ಕೇಂದ್ರದ ಕಟ್ಟಡವಿದ್ದೂ ವೈದ್ಯರಿಲ್ಲದ, ವೈದ್ಯರಿದ್ದೂ ಔಷಧವಿಲ್ಲದ ಸ್ಥಿತಿಯನ್ನು ನೀಗಿಸಲು ನಮ್ಮ ಪಕ್ಕದಲ್ಲೇ ಒಂದು ಪ್ರಯೋಗ ನಡೆಯಿತು. ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರವು ಡಾ. ಎಚ್. ಸುದರ್ಶನರ ಕರುಣಾ ಟ್ರಸ್ಟಿಗೆ ನಡೆಸಲು ಒಪ್ಪಿಸಿತು. ಅದೇ ಟ್ರಸ್ಟು ಕೆಲವು ವರ್ಷಗಳ ತರುವಾಯ ತಿ. ನರಸೀಪುರ ತಾಲ್ಲೂಕಿನಲ್ಲಿ ಬಡವರಿಗಾಗಿ ಆರೋಗ್ಯ ವಿಮೆಯೊಂದನ್ನು ನಡೆಸಿತು. ವರ್ಷಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸಿನ ಕಂತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದರೆ ದಿನವೊಂದಕ್ಕೆ ನೂರು ರೂಪಾಯಿ. ಅದರಲ್ಲಿ ಐವತ್ತು ಔಷಧ ಮೊದಲಾದ ವೆಚ್ಚಕ್ಕೆ, ಐವತ್ತು ತಪ್ಪಿಹೋದ ಕೂಲಿಗೆ. ಹೀಗೆ ಇಪ್ಪತ್ತೈದು ದಿನಗಳವರೆಗೆ. ಕೂಲಿ ತಪ್ಪುವುದೂ ಕಾಯಿಲೆಯ ಖರ್ಚೇ ಎಂಬುದನ್ನು ಗುರುತಿಸಿದುದು ಈ ಯೋಜನೆಯ ಹಿರಿಮೆ. ದಿನಗೂಲಿಯವಳು ವೈದ್ಯರ ಸಲಹೆಯನ್ನು ಮೀರಿ ಆಸ್ಪತ್ರೆಯಿಂದ ಎದ್ದುಬರುವುದು ಅವಿವೇಕದಿಂದಲ್ಲ, ಮನೆಯ ಒಲೆ ಉರಿಯಬೇಕಾದುದರಿಂದ ಎಂಬುದನ್ನು ಮನೆಯ ಡಾಕ್ಟರು ಬಲ್ಲರು. ವಿಮೆಯ ಕಾಗದವೊಂದು ಅದನ್ನು ಬಲ್ಲುದಾದುದು ಅಪೂರ್ವವೇ ಸರಿ.

ತರುವಾಯ ಬಂದ ದೊಡ್ಡ ವಿಮೆಗಳು ಬೇರೆ ಮಾದರಿಯವು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ವರ್ಷಕ್ಕೆ ಅರವತ್ತು ರೂಪಾಯಿಯ ಕಂತಿನ ಯಶಸ್ವಿನಿ ಯೋಜನೆಯು ಬಂದಿತು. 2018ರಲ್ಲಿ ಆರೋಗ್ಯ ಕರ್ನಾಟಕವೂ, ಅದು ಕೇಂದ್ರ ಸರ್ಕಾರದ ಯೋಜನೆಯೊಡನೆ ಕೂಡಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕವೂ ಆಯಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ. ಉಳಿದವರಿಗೆ ಗೊತ್ತಾದ ದರದಲ್ಲಿ ನೂರಕ್ಕೆ ಮೂವತ್ತರಷ್ಟು, ಒಂದೂವರೆ ಲಕ್ಷದವರೆಗೆ ನೆರವು. ಹೃದಯದ ಶಸ್ತ್ರಚಿಕಿತ್ಸೆಯೆಂದರೆ ಹೊಲವನ್ನು ಮಾರುವುದೆಂದೇ ಅರ್ಥವಾಗಿದ್ದ ಮನೆಗಳಿಗೆ ಇದು ಎಂತಹ ಅಭಯವೆಂಬುದನ್ನು ಹೇಳಬೇಕಾಗಿಲ್ಲ. ದೇಶದ ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ಕೊಡುತ್ತಿದ್ದ ಪಾಲು 2013–14ರಲ್ಲಿ ನೂರಕ್ಕೆ 64.2 ಇದ್ದುದು 2021–22ರ ವೇಳೆಗೆ 39.4ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ತೋರಿಸುತ್ತವೆ.

ಆದರೆ ಈ ವಿಮೆಗಳು ಹಣ ಕೊಡುವುದು ಹಾಸಿಗೆಯ ಚಿಕಿತ್ಸೆಗೆ. ರೋಗಿಯು ಹಾಸಿಗೆ ಹಿಡಿಯದಂತೆ ಹತ್ತು ವರ್ಷ ಕಾಪಾಡಿದ ಪೇಟೆಯ ಡಾಕ್ಟರಿಗೆ ಅವುಗಳಲ್ಲಿ ಸ್ಥಾನವಿಲ್ಲ. ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂದು 2018ರ ಯೋಜನೆಯು ವಿಧಿಸಿತು. ನಿಯಮದ ಉದ್ದೇಶವು ಸರಿಯಾದುದೇ: ಅನಾವಶ್ಯಕವಾಗಿ ದೊಡ್ಡ ಆಸ್ಪತ್ರೆಗೆ ನುಗ್ಗುವುದನ್ನು ತಡೆಯುವುದು. ಆದರೂ ಇದರಿಂದ ಒಂದು ವಿಚಿತ್ರ ಪರಿಸ್ಥಿತಿಯು ಒದಗುತ್ತದೆ. ರೋಗಿಯನ್ನು ಬಲ್ಲವರು ಪೇಟೆಯ ಡಾಕ್ಟರು. ಪತ್ರ ಬರೆಯುವ ಅಧಿಕಾರವುಳ್ಳವರು ರೋಗಿಯನ್ನು ಅಂದೇ ಕಂಡ ಬೇರೊಬ್ಬರು. ಬಲ್ಲವರಿಗೆ ಅಧಿಕಾರವಿಲ್ಲ, ಅಧಿಕಾರವಿರುವವರಿಗೆ ಬಲ್ಲಷ್ಟು ಹೊತ್ತಿಲ್ಲ.

ಇನ್ನು ಹಳ್ಳಿಯ ಕಡೆಗೆ ತಿರುಗೋಣ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನರಿಗೊಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ನೇಮಿಸಿತು. ಅದೇ ಊರಿನ ಸೊಸೆಯೋ ಮಗಳೋ ಆದ ಈಕೆಗೆ ಯಾರ ಮನೆಯಲ್ಲಿ ಬಸುರಿಯಿದ್ದಾಳೆ, ಯಾರ ಮಗುವಿಗೆ ಚುಚ್ಚುಮದ್ದು ತಪ್ಪಿದೆ ಎಂಬುದೆಲ್ಲ ಗೊತ್ತು. 2018ರಿಂದೀಚೆಗೆ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸಲಾರಂಭಿಸಿದರು. 2023ರಲ್ಲಿ ಇವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರಾಯಿತು. ಇಲ್ಲಿ ಶುಶ್ರೂಷಾ ಶಿಕ್ಷಣವನ್ನು ಪಡೆದು, ಅದರ ಮೇಲೆ ವಿಶೇಷ ತರಬೇತಿಯನ್ನು ಹೊಂದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರುಗಳ ತಪಾಸಣೆಯನ್ನು ಮಾಡುತ್ತಾರೆ. ಬೇಕಾದಾಗ ದೂರದ ವೈದ್ಯರನ್ನು ಪರದೆಯ ಮೇಲೆ ಕಾಣಿಸಿ ಸಲಹೆ ಕೊಡಿಸುತ್ತಾರೆ. ಹಿಂದೆ ಪೇಟೆಯ ಡಾಕ್ಟರೊಬ್ಬರೇ ಮಾಡುತ್ತಿದ್ದ ಕೆಲಸದ ದೊಡ್ಡ ಭಾಗವು ಹೀಗೆ ರೋಗಿಯ ಮನೆಯ ಬಾಗಿಲಿಗೇ ಬಂದಿದೆ. ಮೊದಲ ಭೇಟಿಯು ಬಡವನಿಗೆ ಇಷ್ಟು ಹತ್ತಿರವಾದುದು ನಮ್ಮ ಚರಿತ್ರೆಯಲ್ಲಿ ಇದೇ ಮೊದಲು.

ಹಾಗಾದರೆ ಚಿಂತೆಯೇನು? ಒಂದು ಸಂದರ್ಭವನ್ನು ಕಲ್ಪಿಸಿಕೊಂಡು ನೋಡೋಣ. ಸೋಸಲೆ ಹೋಬಳಿಯ ಕಡೆಯ ಗದ್ದೆ ಕೆಲಸದ ಹೆಂಗಸೊಬ್ಬಳು, ವಯಸ್ಸು ಐವತ್ತೈದಿರಲಿ. ಆಶಾ ಕಾರ್ಯಕರ್ತೆಯು ಅವಳನ್ನು ತಪಾಸಣೆಗೆ ಕರೆತಂದಳು. ಸಕ್ಕರೆ ಕಾಯಿಲೆಯೆಂದು ಗೊತ್ತಾಯಿತು. ಕೇಂದ್ರದಿಂದ ಮಾತ್ರೆಗಳು ದೊರೆತುವು. ಇಷ್ಟು ಸುಧಾರಣೆಯ ಫಲ. ನಾಟಿಯ ಕಾಲ ಬಂದಿತು. ಕೇಂದ್ರವು ತೆರೆದಿರುವ ಹೊತ್ತಿಗೆ ಅವಳು ಗದ್ದೆಯಲ್ಲಿರುತ್ತಾಳೆ. ಆದುದರಿಂದ ಸಂತೆಯ ದಿನ ಸಂಜೆ ಪೇಟೆಯ ಡಾಕ್ಟರ ಬಳಿಗೆ ಹೋದಳು. ಆಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವುದೆಂದು ಅವಳು ಹೇಳಲರಿಯಳು; 'ಬಿಳೀ ಮಾತ್ರೆ' ಎಂದಾಳು. ಡಾಕ್ಟರು ಬರೆದುಕೊಟ್ಟುದು ಅದೇ ಔಷಧ, ಬೇರೊಂದು ಕಂಪನಿಯ ಹೆಸರಿನದು. ಎರಡನ್ನೂ ನುಂಗಿ, ಹೊಟ್ಟೆಗೆ ಅಷ್ಟಾಗಿ ಇಲ್ಲದೆ ಗದ್ದೆಗಿಳಿದವಳಿಗೆ ರಕ್ತದ ಸಕ್ಕರೆಯು ಮಿತಿಮೀರಿ ಇಳಿದು, ಬೆವರು, ನಡುಕ, ತಲೆಸುತ್ತು. ಮತ್ತೊಂದು ದಿನ ಕಾಲಿಗೆ ಮುಳ್ಳು ಚುಚ್ಚಿ ಹುಣ್ಣಾಯಿತು. ವಿಮೆಯ ಕಾರ್ಡಿನ ಮೇಲೆ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಬಿಡುಗಡೆಯ ಕಾಗದವನ್ನು ಕೈಗಿತ್ತು ಕಳುಹಿಸಿದರು. ಅದು ಇರುವುದು ಇಂಗ್ಲಿಷಿನಲ್ಲಿ. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೆಟ್ಟಿಗೆಯ ತಳದಲ್ಲಿ ಭದ್ರಪಡಿಸಿದಳು. ಆ ಕಾಗದವನ್ನು ಯಾರು ಓದಬೇಕು? ಆಶಾ ಕಾರ್ಯಕರ್ತೆಯೇ, ಕೇಂದ್ರದ ಅಧಿಕಾರಿಯೇ, ಪ್ರಾಥಮಿಕ ಕೇಂದ್ರದ ವೈದ್ಯರೇ, ಪೇಟೆಯ ಡಾಕ್ಟರೇ?

ಈ ಕಥೆಯಲ್ಲಿ ಕರ್ತವ್ಯವನ್ನು ಮರೆತವರು ಯಾರೂ ಇಲ್ಲ. ಆಶಾ ಕಾರ್ಯಕರ್ತೆಯು ಕರೆತಂದಳು, ಕೇಂದ್ರದವರು ಮಾತ್ರೆ ಕೊಟ್ಟರು, ಡಾಕ್ಟರು ರೋಗವನ್ನು ಗುರುತಿಸಿದರು, ಆಸ್ಪತ್ರೆಯವರು ಹಣ ಕೇಳದೆ ಹುಣ್ಣನ್ನು ವಾಸಿಮಾಡಿದರು. ಆದರೂ ಅವಳು ಅಪಾಯಕ್ಕೆ ಸಿಕ್ಕಿದಳು. ಹಿಂದೆ ಒಬ್ಬರ ತಲೆಯಲ್ಲಿದ್ದ ತಿಳಿವಳಿಕೆಯು ಈಗ ನಾಲ್ವರಲ್ಲಿ ಹಂಚಿಹೋಗಿದೆ. ಆ ನಾಲ್ವರಿಗೆ ಪರಸ್ಪರ ಮಾತಿಲ್ಲ. ನಾವು ಮೊದಲು ಹೇಳಿದ ಮೂರು ಅಂಗಗಳಲ್ಲಿ ಮೊದಲ ಭೇಟಿಯನ್ನು ಸುಧಾರಣೆಗಳು ಹಿಗ್ಗಿಸಿದುವು. ಬಹುಕಾಲದ ಪರಿಚಯವನ್ನು ಹಂಚಿದುವು. ಹಿಂದಕ್ಕೆ ಪಡೆದುಕೊಳ್ಳುವ ಹೊಣೆಯನ್ನು ಮಾತ್ರ ಯಾರಿಗೂ ವಹಿಸಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಂದಿನ ಪ್ರಶ್ನೆಯ ತಿರುಳು ಇದೇ.

ದಾಖಲೆಗಳಿದ್ದರೆ ಸಾಲದೇ ಎಂದು ಕೇಳಬಹುದು. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಡಿಜಿಟಲ್ ಆರೋಗ್ಯ ಯೋಜನೆಯಲ್ಲಿ ಪ್ರತಿಯೊಬ್ಬರಿಗೂ ಹದಿನಾಲ್ಕು ಅಂಕಿಗಳ ಸಂಖ್ಯೆಯೊಂದನ್ನು ಕೊಟ್ಟು, ಅದರ ಮೂಲಕ ಬೇರೆಬೇರೆ ಕಡೆಯ ದಾಖಲೆಗಳನ್ನು ಒಂದುಗೂಡಿಸುವ ಉದ್ದೇಶವಿದೆ. ಇದು ಸಫಲವಾದರೆ ಎರಡು ಕಡೆಯ ಮಾತ್ರೆಯ ತೊಡಕು ತಕ್ಕಮಟ್ಟಿಗೆ ಬಿಡಿಸೀತು. ಆದರೆ ದಾಖಲೆಯನ್ನು ಓದಿ ರೋಗಿಯೊಡನೆ ಮಾತನಾಡುವವರು ಬೇಕಷ್ಟೆ. ಮೇಲಾಗಿ, ದಾಖಲೆಯೇ ಕೆಲಸವಾಗಿ ಪರಿಣಮಿಸುವ ಅಪಾಯವೂ ಉಂಟು. ನಿರ್ದಿಷ್ಟ ಕೆಲಸಕ್ಕೆ ನಿರ್ದಿಷ್ಟ ಪ್ರೋತ್ಸಾಹಧನವೆಂಬ ಪದ್ಧತಿಯಲ್ಲಿ ದುಡಿಯುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮುಷ್ಕರ ಹೂಡಿದಾಗ, ಮಾಡಿದ ಕೆಲಸವು ಗಣಕದ ಪುಟದಲ್ಲಿ ಸರಿಯಾಗಿ ನಮೂದಾಗದೆ ಹಣ ತಪ್ಪುತ್ತಿದೆಯೆಂಬುದೂ ಅವರ ದೂರುಗಳಲ್ಲೊಂದಾಗಿದ್ದಿತು.

ನಂಜನಗೂಡು ಇದರ ಕಠೋರವಾದ ಮುಖವನ್ನು ಕಂಡಿದೆ. 2020ರ ಮಾರ್ಚಿಯಲ್ಲಿ ಅಲ್ಲಿಯ ಔಷಧ ಕಾರ್ಖಾನೆಯೊಂದರಲ್ಲಿ ಕೊರೋನಾ ಸೋಂಕು ಕಾಣಿಸಿಕೊಂಡು, ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹರಡಿ, ಊರಿನ ಹೆಸರು ನಾಡಿಗೆಲ್ಲ ಕೇಳಿಸಿತು. ಆ ಸೋಂಕನ್ನು ತಡೆಗಟ್ಟಿದುದು ಮನೆಮನೆಗೆ ನಡೆದ ಆರೋಗ್ಯ ಸಿಬ್ಬಂದಿಯ ಶ್ರಮ. ಆದರೆ ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ತಾಲ್ಲೂಕಿನ ಆರೋಗ್ಯಾಧಿಕಾರಿಗಳು ಆತ್ಮಹತ್ಯೆಮಾಡಿಕೊಂಡರು. ಇಷ್ಟು ದಿನಕ್ಕೆ ಇಷ್ಟು ಪರೀಕ್ಷೆಗಳೆಂಬ ಗುರಿಯ ಒತ್ತಡವೇ ಇದಕ್ಕೆ ಕಾರಣವೆಂದು ಅವರ ಸಹೋದ್ಯೋಗಿ ವೈದ್ಯರು ದೂರಿ, ಕೆಲಸವನ್ನು ನಿಲ್ಲಿಸಿ ಪ್ರತಿಭಟಿಸಿದರು. ಆ ದುರಂತದ ಕಾರಣಗಳನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಸಂಖ್ಯೆಯನ್ನು ಮುಟ್ಟಿಸುವುದೂ ಮನುಷ್ಯರನ್ನು ನೋಡಿಕೊಳ್ಳುವುದೂ ಒಂದೇ ವೈದ್ಯರ ಹೆಗಲ ಮೇಲೆ ಬಿದ್ದಾಗ ಆ ಹೆಗಲನ್ನು ಕುರಿತು ಯೋಚಿಸುವವರು ಬೇಕೆಂಬುದನ್ನು ಹೇಳದಿರಲಾರೆವು.

ಖಾಸಗಿಯಾಗಿ ಷಾಪಿಟ್ಟಿರುವ ಡಾಕ್ಟರ ಸ್ಥಿತಿಯೂ ಬದಲಾಗಿದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಒಂದು ಕೊಠಡಿಯ ಚಿಕಿತ್ಸಾಲಯವೂ ನೋಂದಣಿಯಾಗಬೇಕು. ಸೂಜಿ, ಹತ್ತಿಗಳ ವಿಲೇವಾರಿಗೆ 2016ರ ನಿಯಮಗಳಂತೆ ಏರ್ಪಾಡಿರಬೇಕು. ನಕಲಿ ವೈದ್ಯರ ಹಾವಳಿಯನ್ನು ಬಲ್ಲವರಾರೂ ಇವನ್ನು ಬೇಡವೆನ್ನರು. ಆದರೆ ಗುಮಾಸ್ತರನ್ನಿಟ್ಟುಕೊಂಡ ದೊಡ್ಡ ಆಸ್ಪತ್ರೆಗೂ, ತಾವೇ ವೈದ್ಯರೂ ಗುಮಾಸ್ತರೂ ಆಗಿರುವ ಡಾಕ್ಟರಿಗೂ ಕಾಗದದ ಭಾರ ಒಂದೇ ಅಲ್ಲ. ಮಗನನ್ನೋ ಮಗಳನ್ನೋ ಇದೇ ಷಾಪಿನಲ್ಲಿ ಕೂರಿಸಬೇಕೆಂಬ ಆಸೆ ಇಂತಹವರಿಗೆ ಉಳಿಯುವುದು ಕಷ್ಟ.

ಬೇರೆ ದೇಶದವರು ಈ ಗಂಟನ್ನು ಹೇಗೆ ಬಿಡಿಸಿದರು? ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದಾಗ, ಪ್ರತಿಯೊಬ್ಬ ಪ್ರಜೆಯೂ ತನಗೆ ಬೇಕಾದ ಕುಟುಂಬವೈದ್ಯರೊಬ್ಬರ ಪಟ್ಟಿಯಲ್ಲಿ ಹೆಸರನ್ನು ಬರೆಸಬೇಕೆಂಬ ಏರ್ಪಾಡಾಯಿತು. ವೈದ್ಯರಿಗೆ ಮುಖ್ಯವಾಗಿ ಸಂಭಾವನೆ ಸಲ್ಲುತ್ತಿದ್ದುದು ಭೇಟಿಗಳ ಮೇಲಲ್ಲ, ಪಟ್ಟಿಯಲ್ಲಿರುವ ತಲೆಗಳ ಮೇಲೆ. ತಜ್ಞರ ಬಳಿಗೆ ಹೋಗಲು ಇವರ ಪತ್ರ. ತಜ್ಞರು ಏನು ಮಾಡಿದರೆಂಬ ಉತ್ತರವೂ ಇವರಿಗೇ. ಅಂದರೆ ಆ ದೇಶದ ಸುಧಾರಣೆಯು ಮನೆಯ ಡಾಕ್ಟರನ್ನು ಬದಿಗೊತ್ತಲಿಲ್ಲ, ಬಾಗಿಲಲ್ಲೇ ಕೂರಿಸಿತು. ಅಲ್ಲಿಯೂ ಎಲ್ಲವೂ ಸುಖವಾಗಿರಲಿಲ್ಲ. 1950ರಲ್ಲಿ ಕಾಲಿಂಗ್ಸ್ ಎಂಬ ವೈದ್ಯರು ತಿರುಗಾಡಿ ಬರೆದ ವರದಿಯಲ್ಲಿ ಇಕ್ಕಟ್ಟಾದ ಕೊಠಡಿಗಳನ್ನೂ ಅವಸರದ ಚಿಕಿತ್ಸೆಯನ್ನೂ ಕಟುವಾಗಿ ವಿಮರ್ಶಿಸಿದರು. ಕುಟುಂಬವೈದ್ಯರಿಗೆ ಸಹಾಯಕರು, ಕಟ್ಟಡ, ಮುಂದುವರಿದ ಶಿಕ್ಷಣ ಇವು ದೊರೆತ ಮೇಲೆಯೇ ಕೆಲಸದ ಮಟ್ಟ ಏರಿದುದು. ಪಟ್ಟಿಯೊಂದನ್ನು ಬರೆದ ಮಾತ್ರಕ್ಕೆ ಪರಿಚಯ ಬೆಳೆಯದು. ಆದರೆ ಪಟ್ಟಿಯಿಲ್ಲದೆ ಹೊಣೆಯು ಹುಟ್ಟುವುದೇ ಇಲ್ಲ.

ಇಂಗ್ಲೆಂಡಿನದನ್ನು ಹಾಗೆಯೇ ತಂದು ನೆಡಲು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ನಮ್ಮಲ್ಲಿರುವ ಸಾಮಗ್ರಿಯೇ ಸಾಕಷ್ಟಿದೆ. ಪ್ರತಿ ಮನೆಗೂ ಇಂತಹ ವೈದ್ಯರೇ ಹೊಣೆಗಾರರೆಂದು, ಸರ್ಕಾರಿ ಕೇಂದ್ರದವರಾಗಲಿ ಒಪ್ಪಿಬಂದ ಖಾಸಗಿಯವರಾಗಲಿ, ಗೊತ್ತುಮಾಡಬಹುದು. ವಿಮೆಯ ಹಣವನ್ನು ಪಡೆಯುವ ಆಸ್ಪತ್ರೆಯು ಬಿಡುಗಡೆಯ ಪತ್ರದ ಒಂದು ಪ್ರತಿಯನ್ನು ಆ ವೈದ್ಯರಿಗೂ, ಕನ್ನಡದಲ್ಲಿ ನಾಲ್ಕು ಸಾಲನ್ನು ರೋಗಿಗೂ ಕೊಡಬೇಕೆಂದು ವಿಧಿಸಬಹುದು. ಆಸ್ಪತ್ರೆಯಿಂದ ಬಂದವರನ್ನು ಮನೆಗೆ ಹೋಗಿ ವಿಚಾರಿಸುವುದನ್ನೂ ಸಂಭಾವನೆಗೆ ಅರ್ಹವಾದ ಕೆಲಸವೆಂದು ಎಣಿಸಬಹುದು. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ವ್ಯಾಸಂಗಕಾಲದುದ್ದಕ್ಕೂ ಪರಿಚಯಿಸಿಕೊಂಡಿರಬೇಕೆಂಬ ಪಾಠಕ್ರಮವು ಈಚಿನ ವರ್ಷಗಳಲ್ಲಿ ಜಾರಿಗೆ ಬಂದಿದೆ. ಇದು ಶುಭಸೂಚನೆ. ಕುಟುಂಬವೈದ್ಯವನ್ನೇ ವಿಶೇಷ ವಿಷಯವಾಗಿ ಕಲಿಯುವ ಸೌಕರ್ಯವನ್ನು ಹೆಚ್ಚಿಸಬೇಕೆಂದು 2002ರ ಮತ್ತು 2017ರ ರಾಷ್ಟ್ರೀಯ ಆರೋಗ್ಯ ನೀತಿಗಳೆರಡೂ ಹೇಳಿವೆ. ಆ ಮಾತು ಕಾಲೇಜುಗಳ ಸ್ಥಾನಗಳ ಸಂಖ್ಯೆಯಲ್ಲಿ ಕಾಣಬೇಕು.

ಪಟ್ಟಣವಾಸಿಗಳಾದ ನಾವು ಇದು ಹಳ್ಳಿಯವರ ಪಾಡೆಂದು ಭಾವಿಸಬಾರದು. ಮೊಣಕಾಲಿಗೊಬ್ಬ, ಹೃದಯಕ್ಕೊಬ್ಬ, ಹೊಟ್ಟೆಗೊಬ್ಬ ತಜ್ಞರನ್ನು ನೇರವಾಗಿ ಕಂಡು, ಮೂವರ ಮಾತ್ರೆಗಳನ್ನೂ ಒಂದೇ ಡಬ್ಬಿಯಲ್ಲಿ ಬೆರಸಿಟ್ಟುಕೊಳ್ಳುವವರು ನಮ್ಮಲ್ಲೇ ಹೆಚ್ಚು. ಕಾನೂನು ಬರುವವರೆಗೆ ಕಾಯದೆ ನಾವು ಮಾಡಬಹುದಾದ ಎರಡು ಮೂರು ಕೆಲಸಗಳುಂಟು. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಸ್ತಕವನ್ನಿಟ್ಟು, ಕಂಡ ವೈದ್ಯರು, ತಿಳಿದ ರೋಗ, ತೆಗೆದುಕೊಳ್ಳುವ ಔಷಧ ಇವನ್ನು ಬರೆದಿಡುವುದು. ಕಂಪನಿಯ ಹೆಸರನ್ನಲ್ಲದೆ ಔಷಧದ ಮೂಲ ಹೆಸರನ್ನೂ ಕೇಳಿ ಬರೆಯುವುದು. ಆಸ್ಪತ್ರೆಯಿಂದ ಬಂದ ವಾರದೊಳಗೆ ಅಲ್ಲಿಯ ಕಾಗದಗಳನ್ನು ನಮ್ಮನ್ನು ಬಲ್ಲ ವೈದ್ಯರೊಬ್ಬರಿಗೆ ತೋರಿಸಿ, ಅವರ ಆ ಹೊತ್ತಿಗೆ ತಕ್ಕ ಶುಲ್ಕವನ್ನು ಮನಸಾರೆ ಕೊಡುವುದು. ಸೂಜಿಮದ್ದಿಗೆ ಹಣ ಕೊಟ್ಟು ಸಲಹೆಗೆ ಕೊಡದಿರುವ ನಮ್ಮ ಅಭ್ಯಾಸವೂ ಮನೆಯ ಡಾಕ್ಟರ ಸಂಖ್ಯೆ ಕುಗ್ಗಲು ಒಂದು ಕಾರಣ. ನಮ್ಮ ಮನೆಗಳಲ್ಲಿ ದುಡಿಯುವವರಿಗೂ ಇಂತಹದೇ ಒಂದು ಪುಸ್ತಕವನ್ನು ಬರೆದುಕೊಟ್ಟು, ವೈದ್ಯರನ್ನು ಕಾಣುವ ದಿನದ ಕೂಲಿಯನ್ನು ಕಡಿಯದಿರುವುದು. ಇಷ್ಟು ನಮ್ಮ ಕೈಯಲ್ಲಿದೆ. ಉಳಿದುದನ್ನು ನಮ್ಮ ಪ್ರತಿನಿಧಿಗಳಿಂದ ಕೇಳಿ ಪಡೆಯುವ ಹಕ್ಕು ನಮಗಿದೆ. ಮುಂದಿನ ಯೋಜನೆಯನ್ನು ಪ್ರಕಟಿಸುವಾಗ ಹಾಸಿಗೆಗಳೆಷ್ಟು ಎಂಬುದರ ಜೊತೆಗೆ, ನಮ್ಮ ಮನೆಗೆ ಹೊಣೆಯಾದ ವೈದ್ಯರು ಯಾರು ಎಂಬುದನ್ನೂ ತಿಳಿಸಿರೆಂದು ನಾವು ಕೇಳೋಣ.